ಬ್ಯಾಟರಿ ಪ್ರೂನರ್‌ನ ಒಂದು ನಟ್ಟಿನ ಬಗ್ಗೆ

ಬ್ಯಾಟರಿ ಪ್ರೂನರ್, ಅಂದರೆ ಬ್ಯಾಟರಿಯಿಂದ ನಡೆಯುವ ಗಿಡ ಸವರುವ ಕತ್ತರಿಯ ಬಗ್ಗೆ ಬರೆಯುವವರೆಲ್ಲ ಮೊದಲು ಹೇಳುವುದು ಅದು ಎಷ್ಟು ದಪ್ಪದ ಕೊಂಬೆ ಕತ್ತರಿಸುತ್ತದೆ ಅಂತ. ವಿಡಿಯೊಗಳಲ್ಲೂ ಅದೇ. ಹೆಬ್ಬೆರಳಿಗಿಂತ ದಪ್ಪದ ರೆಂಬೆಯನ್ನು ಅದರ ಬಾಯಿಗೆ ಕೊಟ್ಟು ಟ್ರಿಗರ್ ಒತ್ತುತ್ತಾರೆ, ಟಕ್ ಅಂತ ಬೀಳುತ್ತದೆ, ವಿಡಿಯೊ ಮುಗಿಯಿತು. ಆ ವಿಷಯದಲ್ಲಿ ನನಗೆ ಯಾವ ತಕರಾರೂ ಇಲ್ಲ. ಕೊಂಡು ಹಲವು ಹಂಗಾಮು ಕಳೆದರೂ ನನ್ನ ಮಷಿನ್ ದಪ್ಪ ಕೊಂಬೆಯನ್ನು ಈಗಲೂ ಸಲೀಸಾಗಿ ಕತ್ತರಿಸುತ್ತದೆ. ತಕರಾರು ಇರುವುದು ಪೆನ್ಸಿಲ್‌ಗಿಂತ ಸಣ್ಣ ಹಸಿ ಚಿಗುರಿನ ಬಗ್ಗೆ. ಅದನ್ನು ಕತ್ತರಿಸುವ ಬದಲು ಮಡಚಿ, ಬ್ಲೇಡ್ ಮತ್ತು ಅದರ ಕೆಳಗಿನ ಕೊಕ್ಕೆಯ ನಡುವೆ ಸಿಕ್ಕಿಸಿಕೊಂಡು, ತೊಗಟೆ ಸುಲಿದು ಬಿಡುತ್ತಿತ್ತು. ಕಾರಣ ಹುಡುಕುತ್ತ ಹೋದರೆ ಮೋಟಾರ್ ಸರಿಯಿದೆ, ಬ್ಯಾಟರಿ ಸರಿಯಿದೆ. ಬ್ಲೇಡನ್ನು ಹಿಡಿದಿರುವ ಒಂದು ನಟ್ಟು ಸರಿಯಿಲ್ಲ.

ವೋಲ್ಟ್, ಆಂಪಿಯರ್, ಮಿಲಿಮೀಟರ್ ಎಲ್ಲ ನೀವು ಆಗಲೇ ಓದಿಕೊಂಡಿರುತ್ತೀರಿ, ಮತ್ತೆ ಬರೆಯುವುದಿಲ್ಲ. ನನ್ನದು ತೀರಾ ಅಗ್ಗದ್ದೂ ಅಲ್ಲ, ವೃತ್ತಿಪರರು ಸೊಂಟಕ್ಕೆ ಬ್ಯಾಟರಿ ಕಟ್ಟಿಕೊಂಡು ಬಳಸುವ ದುಬಾರಿ ಮಾದರಿಯೂ ಅಲ್ಲ. ಹಿಡಿಯ ಕೆಳಗೇ ಬ್ಯಾಟರಿ ಕೂರುವ, ಬ್ರಶ್‌ಲೆಸ್ ಮೋಟಾರಿನ ಮಧ್ಯಮ ದರ್ಜೆಯ ಮಷಿನ್. ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ. ಪೆಟ್ಟಿಗೆಯ ಮೇಲೆ 21 ವೋಲ್ಟ್ ಅಂತ ಇದ್ದರೆ 18 ವೋಲ್ಟ್‌ನದಕ್ಕಿಂತ ಹೆಚ್ಚು ಅಂತ ಖುಷಿಪಡಬೇಡಿ. ಒಳಗಿರುವುದು 5 ಲಿಥಿಯಂ ಸೆಲ್. ಪೂರ್ತಿ ಚಾರ್ಜ್ ಆದಾಗ ಒಂದೊಂದೂ 4.2 ವೋಲ್ಟ್, ಹಾಗಾಗಿ 21. ಕೆಲಸ ಮಾಡುವಾಗಿನ ಸರಾಸರಿ 3.6, ಹಾಗಾಗಿ 18. ಎರಡೂ ಒಂದೇ ಬ್ಯಾಟರಿ, ಲೇಬಲ್ ಬೇರೆ.

ಮೊದಲು ಇಷ್ಟವಾದದ್ದನ್ನೇ ಹೇಳುತ್ತೇನೆ, ಇಲ್ಲದಿದ್ದರೆ ನಟ್ಟಿನ ಕೋಪದಲ್ಲಿ ಅದು ಮರೆತೇಹೋಗುತ್ತದೆ. ಟ್ರಿಗರ್. ಅಗ್ಗದ ಮಷಿನ್‌ಗಳಲ್ಲಿ ಟ್ರಿಗರ್ ಅಂದರೆ ಬರೀ ಸ್ವಿಚ್ಚು. ಒತ್ತಿದರೆ ಬ್ಲೇಡ್ ಪೂರ್ತಿ ಮುಚ್ಚುತ್ತದೆ, ಬಿಟ್ಟರೆ ಪೂರ್ತಿ ತೆರೆಯುತ್ತದೆ, ನಡುವೆ ಏನೂ ಇಲ್ಲ. ನನ್ನದರಲ್ಲಿ ಬೆರಳು ಎಷ್ಟು ಹೋಗುತ್ತದೋ ಬ್ಲೇಡ್ ಅಷ್ಟೇ ಹೋಗುತ್ತದೆ. ಟ್ರಿಗರ್ ಒಳಗೊಂದು ಪುಟ್ಟ ಅಯಸ್ಕಾಂತ, ಅದರೆದುರು ಅದನ್ನು ಮುಟ್ಟದೆಯೇ ಗುರುತಿಸುವ ಒಂದು ಹಾಲ್ ಸೆನ್ಸರ್. ಅಯಸ್ಕಾಂತ ಎಷ್ಟು ಹತ್ತಿರ ಬಂತು ಅನ್ನುವುದನ್ನು ನೋಡಿ ಸರ್ಕ್ಯೂಟ್ ಬ್ಲೇಡನ್ನು ಅಷ್ಟಕ್ಕೇ ತಂದು ನಿಲ್ಲಿಸುತ್ತದೆ. ಒಂದಕ್ಕೊಂದು ಉಜ್ಜುವ ಭಾಗ ಇಲ್ಲದ್ದರಿಂದ ಧೂಳು, ಬೆವರು ಎಷ್ಟಿದ್ದರೂ ಅದು ಕೆಟ್ಟಿಲ್ಲ. ಬಳಸುವಾಗ ಇದರ ಸುಖವೇ ಬೇರೆ. ಎರಡು ರೆಂಬೆ ಅಕ್ಕಪಕ್ಕ ಇದ್ದು ಒಂದನ್ನಷ್ಟೇ ತೆಗೆಯಬೇಕಾದಾಗ ಬ್ಲೇಡನ್ನು ಅರ್ಧ ಮುಚ್ಚಿಕೊಂಡೇ ಸಂದಿಯೊಳಗೆ ತೂರಿಸುತ್ತೇನೆ, ಬಾಯಿ ಸರಿಯಾದ ಗೆಣ್ಣಿನ ಮೇಲೆ ಕೂತಿತು ಅಂತ ಖಾತ್ರಿಯಾದ ಮೇಲೆ ಉಳಿದರ್ಧ ಒತ್ತುತ್ತೇನೆ. ಕೊನೇ ಕ್ಷಣದಲ್ಲಿ ಒಳಗೊಂದು ಕಟ್ಟುತಂತಿ ಕಂಡರೆ ಬೆರಳು ಸಡಿಲಿಸಿದರಾಯಿತು, ಬ್ಲೇಡ್ ಹಿಂದೆ ಸರಿಯುತ್ತದೆ. ಬಾಯಿ ತೆರೆಯುವುದಕ್ಕೂ ಎರಡು ಅಳತೆ ಇದೆ. ಸಣ್ಣ ರೆಂಬೆಗಳ ಕೆಲಸಕ್ಕೆ ಅರ್ಧ ತೆರೆಯುವ ಹಾಗೆ ಇಟ್ಟುಕೊಂಡರೆ ಬ್ಲೇಡ್ ಓಡಾಡುವ ದೂರವೇ ಅರ್ಧ, ಕೆಲಸದ ವೇಗ ನಿಜಕ್ಕೂ ಹೆಚ್ಚುತ್ತದೆ. ಸಂಜೆ ಟ್ರಿಗರ್ ಒತ್ತಿ ಹಿಡಿದು, ಬೀಪ್ ಕೇಳಿ, ಬ್ಲೇಡ್ ಮುಚ್ಚಿಯೇ ನಿಂತ ಮೇಲೆ ಸ್ವಿಚ್ ಆರಿಸಿ ಬ್ಯಾಟರಿ ಕಳಚುವುದು ಈಗ ಕೈಗೇ ರೂಢಿಯಾಗಿದೆ.

ಇನ್ನು ನಟ್ಟು. ಅದು ಯಾಕೆ ಅಷ್ಟು ಮುಖ್ಯ ಅಂತ ತಿಳಿಯಲು ಒಳಗೆ ಏನಿದೆ ಅಂತ ನೋಡಬೇಕು. ಮೋಟಾರ್ ಹಿಡಿಯ ಉದ್ದಕ್ಕೆ ಮಲಗಿರುತ್ತದೆ. ಅದಕ್ಕೆ ವೇಗ ಇದೆ, ಬಲ ಇಲ್ಲ. ಅದರ ಮುಂದೆ ಸಾಲಾಗಿ ಪ್ಲಾನೆಟರಿ ಗೇರ್‌ಗಳು: ನಡುವೆ ಒಂದು ಸಣ್ಣ ಗೇರ್, ಸುತ್ತ ಮೂರು, ಹೊರಗೆ ಒಳಮುಖ ಹಲ್ಲಿನ ಒಂದು ಬಳೆ. ಒಂದೊಂದು ಹಂತ ದಾಟಿದಾಗಲೂ ವೇಗ ಇಳಿದು ತಿರುಚುವ ಬಲ ಏರುತ್ತದೆ. ಆದರೆ ಬ್ಲೇಡ್ ತಿರುಗುವ ಬೋಲ್ಟು ಮೋಟಾರಿಗೆ ಅಡ್ಡಲಾಗಿದೆ. ಆ ತಿರುವು ಕೊಡಲು ಕೊನೆಯಲ್ಲಿ ಓರೆ ಹಲ್ಲಿನ ಒಂದು ಬೆವೆಲ್ ಗೇರ್, ಅದಕ್ಕೆ ಕಚ್ಚಿಕೊಳ್ಳುವ ಹಲ್ಲುಗಳು ಬ್ಲೇಡಿನ ಹಿಂಭಾಗದಲ್ಲೇ ಇವೆ. ಬೆವೆಲ್ ಗೇರ್‌ನ ಗುಣವೇ ಹಾಗೆ, ತಿರುಗಿಸುವ ಜೊತೆಗೆ ಪಕ್ಕಕ್ಕೂ ತಳ್ಳುತ್ತದೆ. ಪ್ರತಿ ಸಲ ಕತ್ತರಿಸುವಾಗಲೂ ಆ ಪಕ್ಕದ ತಳ್ಳಾಟವನ್ನು ತಡೆದು ನಿಲ್ಲುವುದು ನಡುವಿನ ಬೋಲ್ಟು ಮತ್ತು ಅದರ ನಟ್ಟು. ದುಬಾರಿ ಮಾದರಿಗಳಲ್ಲಿ ಬೆವೆಲ್ ಗೇರ್ ಬದಲು ಬಾಲ್ ಸ್ಕ್ರೂ ಇರುವುದುಂಟು. ಸ್ಕ್ರೂ ತಿರುಗಿದಂತೆ ಅದರ ಮೇಲಿನ ನಟ್ಟು ಹಿಂದೆಮುಂದೆ ಹೋಗಿ ಒಂದು ಕೊಂಡಿಯ ಮೂಲಕ ಬ್ಲೇಡನ್ನು ಎಳೆಯುತ್ತದೆ. ಅದರಲ್ಲಿ ಬಲ ನೇರವಾಗಿ ಬರುತ್ತದೆ, ಬೆಲೆಯೂ ಹಾಗೇ.

ನನ್ನ ಮಷಿನ್ ಬೈಪಾಸ್ ಅನ್ನುವ ಬಗೆಯ ಕತ್ತರಿ. ಇದರಲ್ಲಿ ಚೂಪಾದ ಬ್ಲೇಡ್ ಕೆಳಗಿನ ಕೊಕ್ಕೆಯ ಪಕ್ಕದಲ್ಲಿ ಉಜ್ಜಿಕೊಂಡೇ ಹಾದು ಹೋಗಬೇಕು. ನಡುವೆ ಸಂದಿ ಬಿಟ್ಟರೆ ದಪ್ಪ ಕೊಂಬೆಗೆ ಏನೂ ಆಗುವುದಿಲ್ಲ, ಅದು ಗಟ್ಟಿ, ಮಡಚುವುದಿಲ್ಲ, ಬ್ಲೇಡ್ ಒಳಗಿಳಿಯಲೇಬೇಕು. ಎಳೆ ಚಿಗುರು ಮಾತ್ರ ಬಾಗಿ ಆ ಸಂದಿಯೊಳಗೆ ನುಸುಳುತ್ತದೆ, ಬೆಣೆಯ ಹಾಗೆ ಕೂತು ಸಂದಿಯನ್ನು ಇನ್ನಷ್ಟು ಅಗಲ ಮಾಡುತ್ತದೆ. ಅದಕ್ಕೇ ದಪ್ಪ ಕೊಂಬೆ ಕತ್ತರಿಸಿ ತೋರಿಸುವ ವಿಡಿಯೊಗಳಿಂದ ಮಷಿನ್ ಯೋಗ್ಯತೆ ಗೊತ್ತಾಗುವುದಿಲ್ಲ ಅಂತ ನಾನು ಹೇಳುವುದು. ದಪ್ಪ ಕೊಂಬೆ ಮೋಟಾರಿನ ಪರೀಕ್ಷೆ, ಸಣ್ಣ ಚಿಗುರು ಬ್ಲೇಡ್ ಜೋಡಣೆಯ ಪರೀಕ್ಷೆ. ಗಿಡ ಸವರುವ ಕೆಲಸದಲ್ಲಿ ಸಿಗುವುದು ಬಹುಪಾಲು ಸಣ್ಣವೇ.

ಹಾಗಾದರೆ ನಟ್ಟು ಬಿಗಿ ಮಾಡಿದರಾಯಿತಲ್ಲ ಅನ್ನಬಹುದು. ನಟ್ಟು ತಾನಾಗಿ ತಿರುಗದಿರಲಿ ಅಂತ ಅದರ ಮೇಲೆ ಒಂದು ಹಲ್ಲಿನ ತಗಡು ಕೂರಿಸಿ ಪುಟ್ಟ ಸ್ಕ್ರೂ ಹಾಕಿದ್ದಾರೆ. ಉಪಾಯ ಒಳ್ಳೆಯದೇ. ಆದರೆ ಆ ತಗಡು ನಟ್ಟನ್ನು ಹಿಡಿಯುವುದು ಒಂದು ಸುತ್ತಿನಲ್ಲಿ 12 ಜಾಗಗಳಲ್ಲಿ ಮಾತ್ರ. ಬೋಲ್ಟಿನ ಮರೆಯ, ಅಂದರೆ ಅದರ ಸುರುಳಿ ಗೆರೆಯ ಮೇಲೆ ನಟ್ಟು ಒಂದು ಸುತ್ತಿಗೆ 1 ಮಿ.ಮೀ. ಮುಂದೆ ಹೋಗುತ್ತದೆ. ಅಂದರೆ ಒಂದು ಹೆಜ್ಜೆಗೆ ಸುಮಾರು 0.08 ಮಿ.ಮೀ. ಕೇಳುವುದಕ್ಕೆ ಏನೂ ಅಲ್ಲ. ಆದರೆ ಒಂದು ಹಾಳೆ ಕಾಗದದ ದಪ್ಪವೂ ಹೆಚ್ಚುಕಡಿಮೆ ಅಷ್ಟೇ, ಎಳೆ ತೊಗಟೆ ಸಿಕ್ಕಿಕೊಳ್ಳಲು ಅಷ್ಟು ಸಂದಿ ಧಾರಾಳ. ಒಂದು ಹೆಜ್ಜೆ ಬಿಗಿ ಮಾಡಿದರೆ ಬ್ಲೇಡ್ ಉಜ್ಜಿ ಬೋಲ್ಟು ಬಿಸಿಯಾಗುತ್ತದೆ, ಒಂದು ಹೆಜ್ಜೆ ಸಡಿಲಿಸಿದರೆ ಚಿಗುರು ಮಡಚುತ್ತದೆ. ಬೇಕಾದ ಜಾಗ ಎರಡರ ನಡುವೆ ಇದೆ, ಅಲ್ಲಿ ನಿಲ್ಲಿಸಲು ತಗಡು ಬಿಡುವುದಿಲ್ಲ. ಇಷ್ಟು ಸೊಗಸಾದ ಟ್ರಿಗರ್ ಮಾಡಿದವರೇ ಇದನ್ನೂ ಮಾಡಿದ್ದಾ ಅಂತ ನನಗೆ ಇವತ್ತಿಗೂ ಆಶ್ಚರ್ಯ. ತಗಡಿಗೆ ಇನ್ನೊಂದಷ್ಟು ಹಲ್ಲು ಕೊಡಲು ಏನು ಖರ್ಚಾಗುತ್ತಿತ್ತು?

ಕೈಕತ್ತರಿಯಲ್ಲಿ ಈ ಸಮಸ್ಯೆ ಇಲ್ಲ ಅಂತಲ್ಲ, ಇದ್ದರೆ ತಕ್ಷಣ ಗೊತ್ತಾಗುತ್ತದೆ. ನಟ್ಟು ಬಿಗಿಯಾದರೆ ಅಂಗೈ ನೋಯುತ್ತದೆ, ಸಡಿಲಾದರೆ ಬ್ಲೇಡ್ ಅಲ್ಲಾಡುವುದು ಬೆರಳಿಗೇ ತಿಳಿಯುತ್ತದೆ, ಮೊಂಡಾದರೆ ಎರಡನೇ ಸಲ ಒತ್ತಬೇಕಾಗುತ್ತದೆ. ಮೋಟಾರ್ ಇದನ್ನೆಲ್ಲ ಮುಚ್ಚಿಹಾಕುತ್ತದೆ. ಬ್ಲೇಡ್ ಮೊಂಡಾಗಿದ್ದರೂ, ಸೊನೆ ಮೆತ್ತಿ ಜಡವಾಗಿದ್ದರೂ ಸ್ವಲ್ಪ ಹೆಚ್ಚು ಕರೆಂಟ್ ಎಳೆದುಕೊಂಡು ಕೆಲಸ ಮುಗಿಸುತ್ತದೆ. ಬೆರಳಿಗೆ ಏನೂ ಗೊತ್ತಾಗದು, ಗೊತ್ತಾಗುವುದು ಗಿಡಕ್ಕೆ. ಗೇರ್‌ಪೆಟ್ಟಿಗೆ ಬ್ಲೇಡನ್ನು ಹಿಡಿದಿರುವುದರಿಂದ ಕೈಯಲ್ಲಿ ಅಲ್ಲಾಡಿಸಿ ಬಿಗಿ ನೋಡುವುದೂ ಕಷ್ಟ. ಹಾಗಾಗಿ ಕತ್ತರಿಸಿದ ಗಾಯವನ್ನೇ ನೋಡುವುದು ರೂಢಿಯಾಯಿತು. ಗಾಯ ನುಣುಪಾಗಿ ಹೊಳೆಯುತ್ತಿದ್ದರೆ ಎಲ್ಲ ಸರಿ. ಅಂಚಿನಲ್ಲಿ ತೊಗಟೆಯ ನಾರು ಎದ್ದಿದ್ದರೆ ಅಲ್ಲೇ ನಿಲ್ಲಿಸಿ ನೋಡಬೇಕು. ಬ್ಯಾಟರಿ ಎಂದಿಗಿಂತ ಬೇಗ ಇಳಿದರೂ ಅದೇ ಸೂಚನೆ.

ಬೆಳಗ್ಗೆ ಶುರು ಮಾಡುವ ಮುನ್ನ ಕಾಗದದ ಪರೀಕ್ಷೆ ಮಾಡುತ್ತೇನೆ. ಹಳೇ ಪತ್ರಿಕೆಯ ಒಂದು ಪಟ್ಟಿ ಹರಿದು ಬ್ಲೇಡಿನ ಬುಡದಲ್ಲಿ, ನಡುವೆ, ತುದಿಯಲ್ಲಿ ಒಂದೊಂದು ಸಲ ಕತ್ತರಿಸುವುದು. ಬುಡದಲ್ಲಿ ಯಾವಾಗಲೂ ಕತ್ತರಿಸುತ್ತದೆ, ಸುಳ್ಳು ಹೇಳುವುದು ಬುಡ. ತುದಿಯಲ್ಲೂ ಕಾಗದ ನೇರವಾಗಿ ಕತ್ತರಿಸಿ ಬಿದ್ದರೆ ಜೋಡಣೆ ಸರಿ. ಮಡಚಿ ಒಳಗೆ ಎಳೆದುಕೊಂಡರೆ ಸ್ಪ್ಯಾನರ್ ತೆಗೆಯಬೇಕು. ಆಮೇಲೆ ಗ್ರೀಸು. ಬೋಲ್ಟಿನ ಪಕ್ಕ ಒಂದು ಪುಟ್ಟ ಸ್ಕ್ರೂ ಇದೆ, ಅದನ್ನು ಬಿಚ್ಚಿ ಸಿರಿಂಜಿನಿಂದ ಅಕ್ಕಿಕಾಳಿನಷ್ಟು ಗ್ರೀಸ್ ಒತ್ತಿ, ಬ್ಯಾಟರಿ ಹಾಕಿ ಖಾಲಿಯಾಗಿ ಕೆಲವು ಸಲ ಬಾಯಿ ಆಡಿಸಿ, ಹೊರಗೆ ಉಕ್ಕಿ ಬಂದದ್ದನ್ನು ಒರೆಸುವುದು. ಹಾಗೇ ಬಿಟ್ಟರೆ ಅದಕ್ಕೆ ಮರದ ಪುಡಿ ಅಂಟಿ ಸಾಣೆಯ ಮಣ್ಣಾಗುತ್ತದೆ.

ಸಂಜೆಯ ಕೆಲಸ ಸೊನೆ ತೆಗೆಯುವುದು. ಮಾವಿನ ಸೊನೆ ಒಣಗಿ ಕಪ್ಪಾಗಿ ಬ್ಲೇಡಿಗೆ ಪದರ ಕಟ್ಟುತ್ತದೆ, ಅದಕ್ಕೆ ಸ್ಪಿರಿಟ್ ಸಾಕು. ಹಲಸು, ಅತ್ತಿಯಂಥ ಮರಗಳ ಹಾಲು ರಬ್ಬರಿನಂತೆ ಎಳೆಯುತ್ತದೆ, ಅದಕ್ಕೆ ಸೀಮೆಎಣ್ಣೆ ಅಥವಾ ಯಾವುದಾದರೂ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಒರೆಸಬೇಕು. ರೋಗ ಬಂದ ಗಿಡದಿಂದ ಇನ್ನೊಂದಕ್ಕೆ ಹೋಗುವಾಗ 70 ಶೇಕಡಾ ಆಲ್ಕೊಹಾಲ್ ಸಿಂಪಡಿಸಿ ಒರೆಸುತ್ತೇನೆ. ಕೆಲವರು ಬ್ಲೀಚ್ ನೀರಿನಲ್ಲಿ ಅದ್ದುತ್ತಾರೆ, ಸೋಂಕು ಹೋಗುವುದು ನಿಜ, ಬ್ಲೇಡೂ ಹೋಗುತ್ತದೆ. ಈ ದರ್ಜೆಯ ಮಷಿನ್‌ಗಳ ಬ್ಲೇಡ್ ಹೆಚ್ಚಾಗಿ ಎಸ್‌ಕೆ 5 ಅನ್ನುವ, 0.8ರಿಂದ 0.9 ಶೇಕಡಾ ಇಂಗಾಲದ ಉಕ್ಕು. ಹರಿತ ಚೆನ್ನಾಗಿ ನಿಲ್ಲುತ್ತದೆ, ತುಕ್ಕೂ ಅಷ್ಟೇ ಬೇಗ ಹಿಡಿಯುತ್ತದೆ. ಮಸೆಯುವುದು ಓರೆ ಇರುವ ಒಂದೇ ಬದಿ, ಅದೂ ಕಾರ್ಖಾನೆ ಕೊಟ್ಟ ಓರೆಯನ್ನೇ ಹಿಡಿದು. ಚಪ್ಪಟೆ ಬದಿಯನ್ನು ಮಸೆದರೆ ನೀವೇ ಸಂದಿ ಮಾಡಿಕೊಟ್ಟಂತೆ. ಅಲ್ಲಿ ಅಂಚಿಗೆ ಮಡಚಿಕೊಂಡ ಉಕ್ಕಿನ ಎಳೆಯನ್ನು ತೆಗೆಯಲು ಅರವನ್ನು ಪೂರ್ತಿ ಚಪ್ಪಟೆಯಾಗಿಟ್ಟು ಒಮ್ಮೆ ಸವರಿದರೆ ಸಾಕು.

ಕೊನೆಗೆ ಆ ತಗಡನ್ನೇ ತೆಗೆದುಬಿಟ್ಟೆ. ಬೋಲ್ಟಿನ ಮರೆಯನ್ನು ಸ್ಪಿರಿಟ್‌ನಿಂದ ಜಿಡ್ಡು ಹೋಗುವಂತೆ ಒರೆಸಿ, ನಟ್ಟು ಸಡಿಲಾಗದಂತೆ ಹಿಡಿಯುವ ಅಂಟು, ನೀಲಿ ಬಣ್ಣದ ಥ್ರೆಡ್‌ಲಾಕರ್ ಒಂದು ಹನಿ ಹಾಕಿ, ಕಾಗದ ತುದಿಯಲ್ಲೂ ಕತ್ತರಿಸುವ ಕಡೆ ನಟ್ಟು ನಿಲ್ಲಿಸಿ, ಒಂದು ದಿನ ಮುಟ್ಟದೆ ಬಿಟ್ಟೆ. ಕೆಂಪು ಬಣ್ಣದ್ದು ಹಾಕಬೇಡಿ, ಮತ್ತೆ ಬಿಚ್ಚಲು ಕಾಯಿಸಬೇಕಾಗುತ್ತದೆ. ಅಂದಿನಿಂದ ಚಿಗುರು ಮಡಚಿದ್ದು ಬಹಳ ಅಪರೂಪ. ತಗಡು ತೆಗೆದಿದ್ದಕ್ಕೆ ವಾರಂಟಿ ಹೋಯಿತೋ ಏನೋ, ಆ ಹೊತ್ತಿಗೆ ಅದು ಮುಗಿದೂ ಇತ್ತು.

ಇಲ್ಲಿಗೇ ನಿಂತಿದ್ದರೆ ನಾಲ್ಕೂವರೆ ನಕ್ಷತ್ರ ಕೊಡುತ್ತಿದ್ದೆ. ನಕ್ಷತ್ರ ಇಳಿದದ್ದು ಬ್ಲೇಡ್ ಬದಲಿಸಲು ಹೊರಟಾಗ. ಗೇರಿನ ಹಲ್ಲುಗಳು ಬ್ಲೇಡಿನ ಬಾಲದಲ್ಲೇ ಇವೆ ಅಂದೆನಲ್ಲ, ಅದರ ಅರ್ಥ ಬ್ಲೇಡ್ ಬದಲಿಸುವುದೆಂದರೆ ಗೇರನ್ನೂ ಬದಲಿಸುವುದು. ಮಾರಿದವರು ಮೊದಲು ಬಿಡಿಭಾಗ ಸದಾ ಸಿಗುತ್ತದೆ ಅಂದಿದ್ದರು. ಕೇಳಿದಾಗ ಆ ಮಾದರಿ ನಿಂತಿದೆ, ಹೊಸ ಮಾದರಿ ತಗೊಳ್ಳಿ ಸರ್ ಅಂದರು. ಬೇರೆ ಕಡೆ ತೆಗೆದುಕೊಂಡ ಬ್ಲೇಡ್ ನೋಡಲು ತದ್ರೂಪು. ಹಾಕಿ ಟ್ರಿಗರ್ ಒತ್ತಿದರೆ ಹಿಂದೆಂದೂ ಕೇಳದ ಕಟಕಟ ಸದ್ದು. ಹಲ್ಲುಗಳ ಆಕಾರ ಕೂದಲೆಳೆಯಷ್ಟು ಬೇರೆ, ಕಚ್ಚಿಕೊಳ್ಳುವಾಗ ಸಡಿಲ ಉಳಿದು ಆಟ ಬಿಡುತ್ತಿತ್ತು. ಅಂಥ ಆಟ ಇರುವ ಗೇರಿನ ಮೇಲೆ ಗಟ್ಟಿ ಕೊಂಬೆಯ ಹೊರೆ ಬಿದ್ದಾಗ ಪ್ರತಿ ಸಲವೂ ಸುತ್ತಿಗೆ ಏಟೇ. ಒಂದು ದಿನ ಬೆಳಗ್ಗೆ ಸಣ್ಣ ಬೆವೆಲ್ ಗೇರಿನ ಒಂದು ಹಲ್ಲಿನ ತುದಿ ಚಕ್ಕೆಯಾಗಿ ಗ್ರೀಸಿನೊಳಗೆ ಮಿನುಗುತ್ತಿತ್ತು. ಹಳೇ ಬ್ಲೇಡನ್ನೇ ಮತ್ತೆ ಮಸೆದು ಹಾಕಿಕೊಂಡೆ, ಈಗಲೂ ಅದರಲ್ಲೇ ನಡೆಯುತ್ತಿದೆ. ಗೇರ್ ತುಂಡು ಬೇರೆ, ಬ್ಲೇಡ್ ಬೇರೆ ಇರುವ ವಿನ್ಯಾಸದಲ್ಲಿ ಈ ಗೋಳು ಇರುವುದಿಲ್ಲ. ಎರಡು ಸ್ಕ್ರೂ ಬಿಚ್ಚಿ ಬ್ಲೇಡಷ್ಟನ್ನೇ ಬದಲಿಸಬಹುದು. ಸ್ವಿಟ್ಜರ್ಲೆಂಡಿನ ಫೆಲ್ಕೊದಂಥವರು ಕೈಕತ್ತರಿಗೆ ಒಂದೊಂದು ಸ್ಪ್ರಿಂಗು, ನಟ್ಟು ಕೂಡ ಬಿಡಿಯಾಗಿ ಮಾರುತ್ತಾರೆ. ಅಷ್ಟು ಸಾದಾ ಉಪಕರಣಕ್ಕೆ ಸಿಗುವ ಮರ್ಯಾದೆ ಮೋಟಾರು ಇರುವುದಕ್ಕೆ ಸಿಗಬಾರದೇ?

ದಪ್ಪದ ವಿಷಯಕ್ಕೂ ಒಂದು ಮಾತು. 20 ಮಿ.ಮೀ. ಕೊಂಬೆಗಿಂತ 30 ಮಿ.ಮೀ. ಕೊಂಬೆ ಒಂದೂವರೆ ಪಟ್ಟು ಅಂತ ಕಾಣುತ್ತದೆ, ಆದರೆ ಕತ್ತರಿಸಬೇಕಾದ ಮರ ಎರಡೂಕಾಲು ಪಟ್ಟು. ಅದರಲ್ಲೂ ಒಣಗಿದ ಕೊಂಬೆ ಹಸಿಯದಕ್ಕಿಂತ ಗಟ್ಟಿ. ಪೆಟ್ಟಿಗೆಯ ಮೇಲಿನ ಗರಿಷ್ಠ ಅಳತೆ ಹಸಿ ಮೆದು ಮರಕ್ಕೆ ಅಂತ ತಿಳಿದುಕೊಳ್ಳಿ. ಮಿತಿ ಮೀರಿದರೆ ಬ್ಲೇಡ್ ನಡುವೆ ನಿಲ್ಲುತ್ತದೆ, ಕರೆಂಟ್ ಏರಿದ್ದನ್ನು ಕಂಡು ಸರ್ಕ್ಯೂಟೇ ಹಿಂದೆ ಸರಿಸುತ್ತದೆ, ಅಲ್ಲಿಯವರೆಗೆ ಏನೂ ಹಾಳಾಗುವುದಿಲ್ಲ. ಹಾಳಾಗುವುದು ಸಿಕ್ಕಿಕೊಂಡಾಗ ಮಷಿನ್ ಹಿಡಿದು ಅತ್ತಿತ್ತ ತಿರುಚಿದರೆ. 25 ಮಿ.ಮೀ. ದಾಟಿದ್ದಕ್ಕೆಲ್ಲ ನಾನು ಗರಗಸವನ್ನೇ ಬಳಸುವುದು, ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ದು, ಆಮೇಲೆ ಅದಕ್ಕಿಂತ ಆಚೆ ಮೇಲಿನಿಂದ ಕೊಯ್ದು ಕೊಂಬೆ ಬೀಳಿಸಿ, ಕೊನೆಗೆ ಉಳಿದ ಮೋಟನ್ನು ತೆಗೆಯುವ ಹಳೇ ಕ್ರಮದಲ್ಲಿ.

ಮೋಟು ಅಂದಾಗ ನೆನಪಾಯಿತು, ಈ ಮಷಿನ್‌ಗಳ ತಲೆ ಬಹಳ ದಪ್ಪ. ಕೊಂಬೆಯನ್ನು ಕಾಂಡಕ್ಕೆ ಒರಸಿ ಕತ್ತರಿಸಲೂಬಾರದು, ಉದ್ದ ಮೋಟು ಬಿಡಲೂಬಾರದು. ಬುಡದಲ್ಲಿರುವ ಉಬ್ಬಿನ ಹೊರಗೆ, ಅದನ್ನು ಗಾಯ ಮಾಡದೆ ಕತ್ತರಿಸಬೇಕು. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ ಮರಗಳನ್ನು ಉದ್ದುದ್ದ ಸೀಳಿ ನೋಡಿ ಇದನ್ನು ತೋರಿಸಿಕೊಟ್ಟವರು. ಆ ಉಬ್ಬಿನಲ್ಲಿ ಗಾಯ ಮುಚ್ಚಿಕೊಳ್ಳುವ ಶಕ್ತಿ ಇದೆ. ಅದಕ್ಕೇ ಕತ್ತರಿಸುವ ಬ್ಲೇಡ್ ಮರದ ಕಡೆಗೆ, ಜಜ್ಜುವ ಕೊಕ್ಕೆ ಬೀಳುವ ತುಂಡಿನ ಕಡೆಗೆ ಇರಬೇಕು ಅನ್ನುವುದು. ತೆಳ್ಳನೆಯ ಕೈಕತ್ತರಿಯಲ್ಲಿ ಅದು ಸುಲಭ. ಗೇರ್ ತುಂಬಿದ ಈ ತಲೆಯನ್ನು ಇಕ್ಕಟ್ಟಾದ ಕವಲಿನೊಳಗೆ ತೂರಿಸಲು ಆಗುವುದಿಲ್ಲ, ಒಂದು ಬದಿಯಿಂದ ಆದರೆ ಇನ್ನೊಂದು ಬದಿಯಿಂದ ಮಣಿಕಟ್ಟು ಪೂರ್ತಿ ತಿರುಗಿಸಬೇಕು. ಎಡಗೈಯವರಿಗಂತೂ ಎಲ್ಲವೂ ತಲೆಕೆಳಗು.

ನೋವಿನ ವಿಷಯದಲ್ಲಿ ಮಾತ್ರ ನಾನು ಮೆತ್ತಗಾಗುತ್ತೇನೆ. ಕೈಕತ್ತರಿ ಹಿಡಿದ ಹಂಗಾಮುಗಳಲ್ಲಿ ಹೆಬ್ಬೆರಳಿನ ಬುಡದ ಕೀಲು ರಾತ್ರಿಯಿಡೀ ಮಿಡಿಯುತ್ತಿತ್ತು, ಮಾರನೇ ದಿನ ಶರ್ಟಿನ ಗುಂಡಿ ಹಾಕುವುದೂ ಕಷ್ಟ. ಅದು ಈಗ ಇಲ್ಲವೇ ಇಲ್ಲ. ಬದಲಿಗೆ ಬಂದದ್ದು ಮಣಿಕಟ್ಟು ಮತ್ತು ಮೊಣಕೈಯ ಆಯಾಸ. ಬ್ಯಾಟರಿ ಸೇರಿ ಒಂದು ಕಿಲೋ ಹತ್ತಿರದ ತೂಕವನ್ನು ಭುಜದ ಮೇಲಕ್ಕೆ ಎತ್ತಿ ಹಿಡಿದರೆ ಇನ್ನೇನಾಗುತ್ತದೆ. ಬ್ಯಾಟರಿ ಹಿಡಿಯ ಕೆಳಗಿರುವುದರಿಂದ ತೂಕ ಹಿಂದೆಮುಂದೆ ಸಮವಾಗಿದೆ ಅನ್ನುವುದು ಸಮಾಧಾನ. ಕೀಲುನೋವಿನಿಂದ ಕತ್ತರಿ ಕೆಳಗಿಟ್ಟವರಿಗೆ ನಾನು ಇದನ್ನು ಯೋಚಿಸದೆ ಶಿಫಾರಸು ಮಾಡುತ್ತೇನೆ, ನಟ್ಟಿನ ಗೋಳು ಸಮೇತ.

ಶಿಫಾರಸಿನ ಜೊತೆಗೊಂದು ಎಚ್ಚರಿಕೆ. ಕೊಂಬೆಗೂ ಬೆರಳಿಗೂ ಇದಕ್ಕೆ ವ್ಯತ್ಯಾಸ ಗೊತ್ತಿಲ್ಲ. ಕೈಕತ್ತರಿಯಲ್ಲಿ ಬೆರಳು ಸಿಕ್ಕರೆ ನೋವಿಗೆ ಕೈ ನಿಲ್ಲುತ್ತದೆ, ಮೋಟಾರ್ ನಿಲ್ಲುವುದಿಲ್ಲ. ಮಾಮೂಲಿ ಗ್ಲೌಸ್ ಈ ಬಲವನ್ನು ತಡೆಯುವುದೂ ಇಲ್ಲ. ದುಬಾರಿ ಮಷಿನ್‌ಗಳಿಗೆ ಕೊಡುವ ಹಣದಲ್ಲಿ ನನಗೆ ಅತ್ಯಂತ ಯೋಗ್ಯ ಅನ್ನಿಸುವುದು ಇದೇ ಭಾಗ: ಬ್ಲೇಡ್ ಬರಿಗೈಗೋ ಅವರೇ ಕೊಡುವ ವಿದ್ಯುತ್ ಹರಿಯುವ ಗ್ಲೌಸಿಗೋ ತಾಗಿದೊಡನೆ ಅದನ್ನು ತಿಳಿದು ಹಿಂದಕ್ಕೆ ತೆರೆದುಕೊಳ್ಳುವ ವ್ಯವಸ್ಥೆ ಕೆಲವದರಲ್ಲಿ ಇದೆ. ನನ್ನದರಲ್ಲಿ ಇಲ್ಲ. ಆದ್ದರಿಂದ ಕೊಂಬೆ ಹಿಡಿಯುವ ಎಡಗೈ ಬ್ಲೇಡಿನಿಂದ ಮೊಳ ದೂರ, ಏಣಿಯ ಮೇಲಿದ್ದರೆ ಅದು ಏಣಿಯನ್ನೇ ಹಿಡಿದಿರಬೇಕು, ಬ್ಲೇಡ್ ಒರೆಸುವಾಗ ಬ್ಯಾಟರಿ ಹೊರಗಿರಬೇಕು.

ಹಂಗಾಮು ಮುಗಿದ ಮೇಲೆ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಯೂ ಇಡುವುದಿಲ್ಲ, ಖಾಲಿಯಾಗಿಯೂ ಇಡುವುದಿಲ್ಲ. ಅರ್ಧದಷ್ಟು ತುಂಬಿಸಿ ತಂಪಾದ ಜಾಗದಲ್ಲಿ ಇಟ್ಟಿದ್ದಕ್ಕೋ ಏನೋ, ಎರಡೂ ಬ್ಯಾಟರಿ ಇನ್ನೂ ಗಟ್ಟಿಯಾಗಿವೆ.

ಕೊಳ್ಳುವ ಮುನ್ನ ಅಂಗಡಿಯಲ್ಲಿ ದಪ್ಪ ಕಟ್ಟಿಗೆ ಕತ್ತರಿಸಿ ತೋರಿಸಲು ಬಂದರೆ ಬೇಡ ಅನ್ನಿ. ಒಂದು ಕಾಗದ ಕೊಟ್ಟು ತುದಿಯಲ್ಲಿ ಕತ್ತರಿಸಿ ಅನ್ನಿ, ಬ್ಲೇಡ್ ಮತ್ತು ಗೇರ್ ಬೇರೆಬೇರೆಯೇ ಅಂತ ಕೇಳಿ, ಬಿಡಿ ಬ್ಲೇಡನ್ನು ಅಲ್ಲೇ ಕಣ್ಣಾರೆ ನೋಡಿ, ಸಾಧ್ಯವಾದರೆ ಆಗಲೇ ಎರಡು ತೆಗೆದುಕೊಂಡುಬಿಡಿ. ನನ್ನ ಹಳೇ ಬ್ಲೇಡ್ ಮಸೆದು ಮಸೆದು ಸಣ್ಣಗಾಗಿದೆ, ಇನ್ನೊಂದು ಹಂಗಾಮು ಬಂದರೆ ಹೆಚ್ಚು. ಅಷ್ಟರೊಳಗೆ ಅಸಲಿ ಬಿಡಿಭಾಗ ಸಿಗದಿದ್ದರೆ ಮುಂದಿನ ಮಷಿನ್ ಬೇರೆ ಕಂಪನಿಯದು. ಸದ್ಯಕ್ಕೆ ಮೂರು ನಕ್ಷತ್ರ, ಅದರಲ್ಲಿ ಎರಡು ಟ್ರಿಗರ್‌ಗೆ.